ಗುಲ್ಜಾರ್ ಬೀ ಹೆಸರಿನ ಎದೆ

“ಕೆಮ್ಮೋದಾದ್ರೆ ಆಚೆ ಹೋಗಿ ಸಾಯೇ, ಮುಂಡೆ! ನಿನ್ನೊಂದು ಕೆಮ್ಮಿಗೆ ನಾಕು ಎಳೆ ಕಿತ್ತೋದ್ವು. ಗಂಟು ಹಾಕಕ್ಕೆ ನಿಮ್ಮಪ್ಪ ಬತ್ತಾನಾ?”

ಮೇಸ್ತ್ರಿ ಶರೀಫನ ಮಾತು ಗೋಡೆಯ ತೂತಿನಿಂದ ನೇರ ನನ್ನ ಕಿವಿಗೆ ಬಿತ್ತು. ಬೈಸಿಕೊಂಡವಳು ಗುಲ್ಜಾರ್ ಬೀ. ಅವರಿಬ್ಬರ ಮನೆಮಾತೂ ಉರ್ದುವೇ. ಆದರೆ ಬೈಯುವಾಗ ಮಾತ್ರ ಶರೀಫ ಕನ್ನಡಕ್ಕೆ ಬರುತ್ತಿದ್ದ. ಸಾಹುಕಾರರಿಗೆ ಅರ್ಥವಾಗಬೇಕಲ್ಲ.

ನಾನು ಗೋಡೆಯ ಈಚೆ, ತಗಡಿನ ಚಪ್ಪರದ ಕೆಳಗೆ ಗೂಡು ಆರಿಸುತ್ತಿದ್ದೆ. ರಾಮನಗರದ ಮಾರ್ಕೆಟ್ಟಿನಿಂದ ಬಂದ ರೇಷ್ಮೆಗೂಡನ್ನು ಮೊರಕ್ಕೆ ಸುರಿದುಕೊಂಡು, ಒಳಗೆ ಹುಳ ಸತ್ತು ಕರೆಗಟ್ಟಿದ್ದನ್ನು, ಮೆತ್ತಗಾದದ್ದನ್ನು ಬೇರೆ ಮಾಡುವುದು ನನ್ನ ಕೆಲಸ. ಗೋಡೆಯ ಆಚೆ, ನಾವು ಮಿಷಿನ್ನು ಅನ್ನುವ ನೂಲಿನ ಕಾರ್ಖಾನೆಯಲ್ಲಿ, ಇಪ್ಪತ್ತೆರಡು ಹೆಂಗಸರು ಕುದಿನೀರಿನ ಬೇಸನ್ನುಗಳ ಮುಂದೆ ಕೂತು, ಬೆಂದ ಗೂಡಿನಿಂದ ನೂಲು ಬಿಚ್ಚಿ ರಾಟೆಗೆ ಹಾಕುತ್ತಿದ್ದರು. ಬೇಸನ್ನಿನ ಕೆಳಗೆ ಒಲೆ. ಒಲೆಗೆ ಸೌದೆ, ಭತ್ತದ ಹೊಟ್ಟು. ಹೊಗೆಗೆ ಹೋಗಲು ದಾರಿ ಅಂತ ಇದ್ದದ್ದು ಅವರ ಮೂಗು ಬಾಯಿಗಳೇ.

ತೂತು ಗುಲ್ಜಾರಳ ಕೈಕೆಲಸ. ಎರಡು ಇಟ್ಟಿಗೆಗಳ ನಡುವಿನ ಮಣ್ಣನ್ನು ತಲೆಪಿನ್ನಿನಿಂದ ದಿನಾ ಒಸಿ ಒಸಿ ಕೆರೆದು, ಒಂದು ಬೆರಳು ಹೋಗುವಷ್ಟು ಮಾಡಿಕೊಂಡಿದ್ದಳು. ಶರೀಫ ಆ ಸಾಲಿನ ಕೊನೆಗೆ ಹೋದಾಗ ಬಗ್ಗಿ ಅದಕ್ಕೆ ಬಾಯಿ ಇಟ್ಟು ಗಾಳಿ ಎಳೆದುಕೊಳ್ಳುವಳು. ಅವನು ಈ ಕಡೆ ಬಂದರೆ ವೇಸ್ಟು ರೇಷ್ಮೆಯ ಉಂಡೆ ತುರುಕಿ ಮುಚ್ಚುವಳು. ನಾನು ಅದೇ ಜಾಗಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದೆ. ನಮ್ಮ ಹದಿನಾರು ವರ್ಷದ ಸ್ನೇಹವೆಲ್ಲ ಬೆಳೆದದ್ದು ಆ ತೂತಿನಲ್ಲೇ. ಅವಳ ಮುಖಕ್ಕಿಂತ ಅವಳ ಉಸಿರು ನನಗೆ ಚೆನ್ನಾಗಿ ಗೊತ್ತಿತ್ತು.

ಆ ಗೋಡೆ ಮೊದಲು ಗೋಡೆಯಾಗಿರಲಿಲ್ಲ. ಕಿಟಕಿಯಾಗಿತ್ತು. ಅದು ಮುಚ್ಚಿದ್ದು ನನ್ನ ದೆಸೆಯಿಂದ.

ಆಗ ಆ ಬೇಸನ್ನು ನನ್ನದು. ಕಿಟಕಿ ಇದ್ದರೂ ತೆಗೆಯುವ ಹಾಗಿರಲಿಲ್ಲ, ಗಾಳಿ ಬಂದರೆ ನೀರು ಆರುತ್ತದೆ, ಎಳೆ ಕಿತ್ತುಹೋಗುತ್ತದೆ. ಒಂದು ಮಳೆಗಾಲ ಹೊಟ್ಟು ನೆನೆದು ಒಲೆಗಳೆಲ್ಲ ಒಂದೇ ಸಮ ಹೊಗೆ ಉಗುಳತೊಡಗಿದವು. ಪಕ್ಕದ ಹೆಂಗಸು ಕಾಣದಷ್ಟು ಹೊಗೆ. ನಾನು ಎದ್ದು ಕಿಟಕಿ ತಳ್ಳಿದೆ. ಗಾಳಿ ನುಗ್ಗಿ ಆರು ಬೇಸನ್ನಿನ ಎಳೆ ಒಟ್ಟಿಗೆ ಹರಿದವು. ಸಾಹುಕಾರ ಚನ್ನಲಿಂಗಪ್ಪನವರು ಆಗಿನ್ನೂ ಮೀಸೆ ತಿರುವುವ ವಯಸ್ಸಿನವರು. ಕೈಗೆ ಸಿಕ್ಕ ಸೌದೆ ಸೀಳು ಎತ್ತಿ ಬೀಸಿದರು. ಬೆನ್ನಿಗೆ ಬೀಳಬೇಕಿದ್ದದ್ದು ನಾನು ತಿರುಗಿದ್ದರಿಂದ ಕತ್ತಿನ ಕೆಳಗಿನ ಎಲುಬಿಗೆ ಬಿತ್ತು. ಸೋಲೂರು ಕಡೆಯ ನಾಟಿ ವೈದ್ಯ ಬಿದಿರಿನ ದಬ್ಬೆ ಕಟ್ಟಿದ. ಎಲುಬು ಕೂಡಿತು, ಆದರೆ ಹಗ್ಗಕ್ಕೆ ಗಂಟು ಹಾಕಿದ ಹಾಗೆ ಸೊಟ್ಟಗೆ ಕೂಡಿತು. ಎಡಗೈ ರಾಟೆಯವರೆಗೆ ಏಳದಾಯಿತು.

“ಇವಳ್ನ ಆಚೆ ಗೂಡು ಆರ್ಸಕ್ಕೆ ಹಾಕು” ಅಂದರು ಸಾಹುಕಾರರು. “ಆ ಕಿಟ್ಕಿಗೆ ಇಟ್ಟಿಗೆ ಇಟ್ಬುಡು.”

ವಾರದಲ್ಲಿ ನಾಲ್ಕೂ ಕಿಟಕಿಗೆ ಇಟ್ಟಿಗೆ ಬಿತ್ತು, ಮಣ್ಣಿನ ಗಾರೆಯಲ್ಲಿ. ನನ್ನ ಬೇಸನ್ನಿಗೆ ಹೊಸದಾಗಿ ಬಂದವಳು ಗುಲ್ಜಾರ್ ಬೀ. ಏಟು ತಿಂದವಳು ನೆರಳಿಗೆ ಬಂದೆ. ತಿನ್ನದವಳು ಹೊಗೆಗೆ ಹೋದಳು.

*

ತೊಂಬತ್ತಾರನೇ ಇಸವಿಯಲ್ಲಿ ಮೂರನೇ ಬೇಸನ್ನಿನ ದ್ರಾಕ್ಷಾಯಿಣಿ ಕೆಲಸದ ಮೇಲೇ ರಕ್ತ ಕಾರಿಕೊಂಡು ಬಿದ್ದಳು, ಎರಡು ದಿನಕ್ಕೆ ಹೋದಳು. ಚನ್ನಲಿಂಗಪ್ಪನ ಮಿಷಿನ್ನಿನಲ್ಲಿ ಟೀಬಿ ಹೊಕ್ಕಿದೆ ಅಂತ ಪೇಟೆಯಲ್ಲಿ ಸುದ್ದಿಯಾಯಿತು. ಸಾಹುಕಾರರು ಬೆಂಗಳೂರಿನ ಯಾವುದೋ ಸಂಘದವರಿಗೆ ಹೇಳಿ ಎಕ್ಸ್‌ರೇ ವ್ಯಾನು ತರಿಸಿದರು. ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಹೇಳಿದರು.

“ನೋಡ್ರಮ್ಮಿ, ಇದು ನಿಮ್ಮ ಒಳ್ಳೇದ್ಕೇಯ. ನಾಳೀಕೆ ವ್ಯಾನ್ ಬತ್ತದೆ. ಎದೇಲಿ ಮಚ್ಚೆ ಕಂಡೋರು ನಾಳಿದ್ದಿಂದ ಈ ಕಡೆ ತಲೆ ಹಾಕ್ಬೇಡಿ. ಅಷ್ಟೇಯ.”

ಅವತ್ತು ಸಂಜೆ ತೂತಿನಿಂದ ಗುಲ್ಜಾರಳ ದನಿ ಬಂತು. ಅವಳ ಗಂಡ ಇದ್ರೀಸ್ ಜಟಕಾ ಓಡಿಸುತ್ತಿದ್ದವನು, ಸತ್ತು ಎಂಟು ವರ್ಷವಾಗಿತ್ತು. ಮಗಳು ಮುನವ್ವರಾ ಆಗ ಪಿಯುಸಿ ಓದುತ್ತಿದ್ದಳು.

“ಹೊಂಬಾಳಿ, ನನ್ ಎದೇಲಿ ಮಚ್ಚೆ ಅಲ್ಲ ಕಣೆ, ಪೂರ್ತಿ ಮಸೀನೇ ಐತೆ. ಮೆಟ್ಲು ಹತ್ತಿದ್ರೆ ದಮ್ಮು. ಬೆಳಗಾದ್ರೆ ಕಫ. ನಿನ್ ಎದೆ ಚೊಕ್ಕ ಐತೆ. ನಂಗೂ ಒಸಿ ಕೊಡೇ.”

“ಎದೆ ಏನ್ ಕಾಫಿಪುಡೀನಾ, ಒಸಿ ಕೊಡೇ ಅಂದ್ರೆ ಲೋಟ ತುಂಬಿ ಕೊಡಕ್ಕೆ?”

ಇಬ್ಬರೂ ನಕ್ಕೆವು. ಅವಳ ನಗು ಕೆಮ್ಮಾಗಿ ಮುಗಿಯಿತು. ಆ ಕೆಮ್ಮು ನಿಲ್ಲುವುದರೊಳಗೆ ನನಗೆ ಯೋಚನೆ ಬಂದಿತ್ತು. ಯೋಚನೆ ನನ್ನದು. ಅದನ್ನು ಇನ್ನೊಬ್ಬರ ತಲೆಗೆ ಕಟ್ಟುವ ಹಾಗಿಲ್ಲ.

“ಗುಲ್ಜಾರು, ನಿನ್ ಬುರ್ಕಾ ತತ್ತೀಯಾ ನಾಳೆ?”

ಮಾರನೇ ದಿನ ಬೆಳಿಗ್ಗೆ ನಾನು ನನ್ನ ಹೆಸರಿಗೆ ನಿಂತೆ. ಹೊಂಬಾಳಮ್ಮ, ವಯಸ್ಸು ನಲವತ್ತು. ವ್ಯಾನಿನೊಳಗಿನ ಹುಡುಗ ತಣ್ಣನೆಯ ಹಲಗೆಗೆ ಎದೆ ಒತ್ತಿಸಿ, “ಉಸಿರು ಎಳ್ಕೊಳಿ, ಹಿಡ್ಕೊಳಿ, ಬಿಡಿ” ಅಂದ. ಮಧ್ಯಾಹ್ನ ಊಟದ ಹೊತ್ತಿಗೆ ಗೂಡಿನ ಮೂಟೆಗಳ ಹಿಂದೆ ಹೋಗಿ ಕುಂಕುಮ ಒರೆಸಿಕೊಂಡೆ. ಕಾಲುಂಗುರ ಬಿಚ್ಚಿ ಸೆರಗಿನ ತುದಿಗೆ ಕಟ್ಟಿಕೊಂಡೆ. ಗಂಡ ಬದುಕಿರುವಾಗ ಕಾಲುಂಗುರ ಬಿಚ್ಚಿದ್ದು ಅದೊಂದೇ ಸಲ. ಬುರ್ಕಾ ಉದ್ದವಾಗಿತ್ತು, ಎತ್ತಿ ಹಿಡಿದು ನಡೆದೆ.

“ಗುಲ್ಜಾರ್ ಬೀ!” ಎಂದು ಶರೀಫ ಕೂಗಿದ. ನಾನು ತಲೆ ತಗ್ಗಿಸಿ ಅವನ ಮುಂದೆಯೇ ಹತ್ತಿಹೋದೆ. ಹೆಂಗಸಿನ ಮುಖಪರದೆಗೆ ಅವನು ಕಣ್ಣು ತಿರುಗಿಸಿಕೊಂಡ. ಅಷ್ಟು ಮಾತ್ರದ ಮರ್ಯಾದೆ ಅವನಲ್ಲಿತ್ತು, ಅದನ್ನೇ ನಾನು ಕದ್ದೆ. ಒಳಗಿನ ಹುಡುಗನಿಗೆ ಊಟದ ಅವಸರ. ಬೆಳಿಗ್ಗೆ ನೋಡಿದ ಮುಖವೇ ಅಂತ ಅವನಿಗೆ ಹೊಳೆಯಲಿಲ್ಲ. ನಮ್ಮಂಥವರ ಮುಖ ಯಾರಿಗೆ ನೆನಪಿರುತ್ತದೆ? ಗುಲ್ಜಾರಳ ಹೆಸರಿನಲ್ಲಿ ಉಸಿರು ಎಳೆದುಕೊಂಡೆ, ಹಿಡಿದುಕೊಂಡೆ, ಬಿಟ್ಟೆ.

ಮೂವರ ಎದೆಯಲ್ಲಿ ಮಚ್ಚೆ ಸಿಕ್ಕಿತು. ಅವರು ಮತ್ತೆ ಬರಲಿಲ್ಲ. ಗುಲ್ಜಾರಳ ಫಿಲ್ಮನ್ನು ಸಾಹುಕಾರರು ಬಿಸಿಲಿಗೆ ಹಿಡಿದು ಎಲ್ಲರಿಗೂ ತೋರಿಸಿದರು.

“ನೋಡ್ರೇ, ಹದಿನಾರು ವರ್ಷದಿಂದ ನನ್ ಒಲೆ ಮುಂದೆ ಕುಂತವ್ಳೆ. ಎದೆ ಕನ್ನಡಿ ಹಂಗೈತೆ! ಸೌದೆ ಹೊಗೆ ಅಂದ್ರೆ ಔಷ್ದಿ ಕಣ್ರಮ್ಮಿ, ಔಷ್ದಿ.”

ಹೆಂಗಸರು ನಕ್ಕರು. ಗುಲ್ಜಾರಳೂ ನಕ್ಕಳು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಸಾಹುಕಾರನಿಗೆ ಟೋಪಿ ಹಾಕಿದೆವು ಅಂತ ವಾರವೆಲ್ಲ ತೂತಿನ ಎರಡೂ ಕಡೆ ನಗುತ್ತಲೇ ಇದ್ದೆವು.

*

ವರ್ಷ ತುಂಬಿ ಎರಡು ತಿಂಗಳಿಗೆ ಅವಳ ಕೆಮ್ಮು ಬದಲಾಯಿತು. ಇದನ್ನು ಮೊದಲು ಕೇಳಿಸಿಕೊಂಡವಳು ನಾನು.

ಹಳೆಯ ಕೆಮ್ಮಿಗೊಂದು ಕ್ರಮವಿತ್ತು. ಬೆಳಿಗ್ಗೆ ನಾಲ್ಕು ಸಲ ಬರುವುದು, ಕಫ ಬಂದರೆ ನಿಲ್ಲುವುದು, ಮತ್ತೆ ಹೊಟ್ಟು ಹಾಕಿದಾಗ ಏಳುವುದು. ಹೊಸದಕ್ಕೆ ಹೊತ್ತುಗೊತ್ತಿಲ್ಲ. ಖಾಲಿ ಡಬ್ಬ ಬಡಿದ ಹಾಗೆ ಒಣಗಿದ ಸದ್ದು. ಗಂಟಲು ಒಡೆದು ದನಿ ಗಂಡಸಿನದಾಯಿತು. ಮುಂಗೈಯಲ್ಲಿದ್ದ ಬಳೆ ಮೊಣಕೈವರೆಗೆ ಜಾರತೊಡಗಿತು.

“ಏನಮ್ಮಿ ಇದು, ಹೊಸ ಕೆಮ್ಮು?” ಅಂದೆ.

“ಹೊಸ್ದೇನಲ್ಲ. ಹಳೇದೇ ಮುದುಕಿ ಆಗೈತೆ.”

“ಬೇಸನ್ ಕೆಮ್ಮು ಕಣೆ, ಎಲ್ಲಾರ್ಗೂ ಇರೋದೇ. ಮೆಣಸಿನ ಕಷಾಯ ಕುಡಿ.”

ಹೀಗೆ ಹೇಳಿದವಳೂ ನಾನೇ. ಆ ಮಿಷಿನ್ನಿನಲ್ಲಿ ಕೆಮ್ಮದವಳನ್ನು ಕಂಡರೆ ಹೊಸಬಳು ಅಂತ ತಿಳಿಯುತ್ತಿದ್ದೆವು. ಕೆಮ್ಮು ಕೆಲಸದ ಗುರುತೇ ಹೊರತು ಕಾಯಿಲೆ ಅಂತ ಯಾರೂ ಎಣಿಸಿರಲಿಲ್ಲ.

ಮುನವ್ವರಾ ಅಷ್ಟು ಹೊತ್ತಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಗೆ ಸೇರಿದ್ದಳು. ನನ್ನನ್ನು ಖಾಲಾ ಅನ್ನುತ್ತಿದ್ದಳು, ಅಂದರೆ ಅವರಲ್ಲಿ ತಾಯಿಯ ಒಡಹುಟ್ಟಿದವಳು. ಒಂದು ಭಾನುವಾರ ಬಂದು, “ಖಾಲಾ, ಅಮ್ಮನ್ನ ಡಾಕ್ಟ್ರಿಗೆ ತೋರಿಸ್ಬೇಕು, ನೀವೂ ಬನ್ನಿ. ನೀವು ಹೇಳಿದ್ರೆ ಕೇಳ್ತಾರೆ” ಅಂದಳು. ಪೆಟ್ಟಿಗೆಯಲ್ಲಿದ್ದ ಫಿಲ್ಮನ್ನೂ ಅವಳೇ ಹುಡುಕಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಓದಿದ ಹುಡುಗಿ. ಹಳೇ ಕಾಗದ ಡಾಕ್ಟರಿಗೆ ಬೇಕಾಗುತ್ತದೆ ಅಂತ ಗೊತ್ತಿತ್ತು. ಗುಲ್ಜಾರ್ ನನ್ನ ಮುಖ ನೋಡಿದಳು. ನಾನು ಬೀದಿ ನೋಡಿದೆ.

ಡಾಕ್ಟರಮ್ಮ ಗುಲ್ಜಾರಳ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಗೋಡೆಯ ಮೇಲೆ ನನ್ನ ಎದೆ ಬೆಳ್ಳಗೆ ಹೊಳೆಯಿತು. ಪಕ್ಕೆಲುಬು, ಹೃದಯದ ಮಬ್ಬು, ಮೇಲೆ ಎಡಗಡೆ ಆ ಗಂಟು.

“ಇದು ಒಂದು ವರ್ಷದ ಹಿಂದಿನದು, ಅಲ್ವಾ? ಶ್ವಾಸಕೋಶ ಚೆನ್ನಾಗಿಯೇ ಇದೆಯಲ್ಲ” ಅಂದರು. ಮತ್ತೆ ಹತ್ತಿರ ಬಗ್ಗಿದರು. “ಈ ಮೂಳೆ ಯಾವಾಗ ಮುರಿದಿತ್ತಮ್ಮ?”

ಬಾಗಿಲಲ್ಲಿ ಕಾಂಪೌಂಡರು ನಿಂತಿದ್ದ. ಅವನು ಶರೀಫನ ಭಾವಮೈದ. ಇಲ್ಲಿ ಆಡಿದ ಮಾತು ಸಂಜೆಯೊಳಗೆ ಮಿಷಿನ್ನು ಮುಟ್ಟುತ್ತಿತ್ತು.

“ಸಣ್ಣೋಳಿದ್ದಾಗ” ಅಂದಳು ಗುಲ್ಜಾರ್. “ಹುಣಸೆಮರದಿಂದ ಬಿದ್ದಿದ್ದೆ.”

“ನಂಗೆ ಹೇಳೇ ಇಲ್ಲ ಅಮ್ಮಾ!” ಮುನವ್ವರಾ ಆಶ್ಚರ್ಯಪಟ್ಟಳು.

“ಎಲ್ಲಾನೂ ಹೇಳಕ್ಕಾಯ್ತದಾ?”

ಡಾಕ್ಟರಮ್ಮ ಕೈ ತೊಳೆದುಕೊಳ್ಳುತ್ತ ಹೇಳಿದರು: “ಹೊಸ ಎಕ್ಸ್‌ರೇ ತೆಗೆಸೋಣ ಅಂತಿದ್ದೆ. ಇದು ಇಷ್ಟು ಕ್ಲಿಯರ್ ಇರೋದರಿಂದ ಅವಸರ ಬೇಡ. ಹೊಗೆಯಿಂದ ಬಂದ ಹಳೇ ದಮ್ಮು. ಮಾತ್ರೆ ಕೊಡ್ತೀನಿ, ಎಳೆದುಕೊಳ್ಳೋ ಔಷಧಿ ಕೊಡ್ತೀನಿ. ಕಡಿಮೆ ಆಗದಿದ್ರೆ ಬನ್ನಿ.”

ನಾನು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದೆ. ಸೆರಗನ್ನು ಎಡಭುಜಕ್ಕೆ ಎಳೆದುಕೊಂಡು ಕೂತಿದ್ದೆ. ನನಗೆ ಇಬ್ಬರು ಗಂಡುಮಕ್ಕಳು, ಕೆಲಸಕ್ಕೆ ಹೋಗದ ಗಂಡ. ಅದನ್ನೆಲ್ಲ ಆ ಹೊತ್ತಿನಲ್ಲಿ ಯೋಚಿಸಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಬಾಯಿ ಬಿಡಲಿಲ್ಲ. ಅಷ್ಟೇ.

ಎಳೆದುಕೊಳ್ಳುವ ಔಷಧಿಯಿಂದ ದಮ್ಮು ಸ್ವಲ್ಪ ಕಡಿಮೆಯಾಯಿತು. ಅದೇ ನಮಗೆ ಸಮಾಧಾನವಾಯಿತು. ಕಡಿಮೆಯಾಗದ ಕೆಮ್ಮನ್ನು ಹಳೆಯ ಲೆಕ್ಕಕ್ಕೇ ಸೇರಿಸಿದೆವು. ಏಳು ತಿಂಗಳು ಹಾಗೇ ಹೋಯಿತು. ಒಂದು ದಿನ ತೂತಿಗೆ ತುರುಕಿದ್ದ ರೇಷ್ಮೆಯ ಉಂಡೆ ಈಚೆಗೆ ಬಿತ್ತು. ಅದರ ತುಂಬ ರಕ್ತ.

*

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಹೊಸ ಫಿಲ್ಮು ತೆಗೆದರು, ಸೂಜಿ ಹಾಕಿ ಮಾಂಸದ ಚೂರು ತೆಗೆದರು. ಬಲಗಡೆ ಶ್ವಾಸಕೋಶದಲ್ಲಿ ನಿಂಬೆಹಣ್ಣಿನ ಗಾತ್ರದ ಗೆಡ್ಡೆ. ಲಿವರಿಗೂ ಹೋಗಿತ್ತು. ಕ್ಯಾನ್ಸರ್ ಅನ್ನುವ ಮಾತನ್ನು ಮುನವ್ವರಾ ಕಾರಿಡಾರಿನಲ್ಲಿ ಗೋಡೆ ಹಿಡಿದು ನಿಂತು ಕೇಳಿಸಿಕೊಂಡಳು.

“ನಮ್ಮಮ್ಮ ಬೀಡಿ ಸೇದೋರಲ್ಲ ಸಾರ್, ಎಲೆಅಡಿಕೆ ಸಹ ಹಾಕಲ್ಲ” ಅಂದಳು.

ಆ ಡಾಕ್ಟರು ವಯಸ್ಸಾದವರು, ಸಾವಕಾಶದ ಮನುಷ್ಯ. ಬೆಂಚಿನ ಮೇಲೆ ನಮ್ಮ ಪಕ್ಕದಲ್ಲೇ ಕೂತರು.

“ಬೀಡಿ ಸೇದದಿದ್ರೂ ಹೊಗೆ ಕುಡಿದಿದ್ದಾರಲ್ಲಮ್ಮ, ಅಷ್ಟು ವರ್ಷ. ಒಳಗೆ ಗಾಳಿ ಹೋಗೋ ದಾರಿಯೆಲ್ಲ ಊದಿಕೊಂಡಿದೆ. ಗಾಯ ಆಗೋದು, ಮಾಯೋದು, ಮತ್ತೆ ಅದೇ ಜಾಗ ಕೆಡೋದು. ಹಾಗೆ ರಿಪೇರಿನೇ ನಡೀತಿರೋ ಜಾಗದಲ್ಲಿ ಯಾವಾಗಲೋ ಒಮ್ಮೆ ಮಾಂಸ ದಾರಿ ತಪ್ಪಿ ಬೆಳೆಯುತ್ತೆ. ದಮ್ಮು ಇರೋರಿಗೆಲ್ಲ ಕ್ಯಾನ್ಸರ್ ಬರೋಲ್ಲ. ಆದರೆ ದಮ್ಮು ಇಲ್ಲದೋರಿಗಿಂತ ಅವರಿಗೆ ಬರೋದು ಹೆಚ್ಚು. ಇನ್ನೊಂದು ಕಷ್ಟ ಏನು ಅಂದ್ರೆ, ಹಳೇ ಕೆಮ್ಮಿನ ಮರೆಯಲ್ಲಿ ಹೊಸ ಕೆಮ್ಮು ಬಚ್ಚಿಟ್ಟುಕೊಳ್ಳುತ್ತೆ. ಯಾರಿಗೂ ಅನುಮಾನ ಬರೋಲ್ಲ.”

ಮುನವ್ವರಾ ಔಷಧಿ ತರಲು ಹೋದಾಗ ನಾನು ಕೇಳಿದೆ: “ಸ್ವಾಮಿ, ಎರಡು ವರ್ಷದ ಹಿಂದೆ ಫಿಲ್ಮ್ ತೆಗ್ದಿದ್ರೆ ಕಾಣೋದಾ?”

“ತೆಗೆದಿದ್ದರಂತಲ್ಲ. ಕ್ಲಿಯರ್ ಇತ್ತು ಅಂತ ಮಗಳು ತೋರಿಸಿದಳು.”

“ಅದು ತೆಗೀದೇ ಇದ್ದಂಗೇ ಅಂದ್ಕಳಿ, ಸರಿಯಾಗಿ ತೆಗ್ದಿದ್ರೆ?”

ಅವರು ನನ್ನ ಮುಖ ನೋಡಿದರು. “ಹೇಳೋಕಾಗೋಲ್ಲಮ್ಮ. ಕಂಡಿರಬಹುದು, ಕಾಣದೇ ಇರಬಹುದು. ಆದರೆ ನಿಮ್ಮೂರ ಡಾಕ್ಟರಿಗೆ ತೋರಿಸಿದಾಗ, ಏಳು ತಿಂಗಳ ಹಿಂದೆ, ತೆಗೆದಿದ್ದರೆ ಖಂಡಿತ ಕಾಣುತ್ತಿತ್ತು.”

ಏಳು ತಿಂಗಳ ಹಿಂದೆ ನಾನು ಸ್ಟೂಲಿನ ಮೇಲೆ ಕೂತಿದ್ದೆ.

*

ಮುನವ್ವರಾ ಅಳುತ್ತ ಕೂರುವ ಪೈಕಿಯಲ್ಲ. ಡಾಕ್ಟರ ಹತ್ತಿರ ಕಾಗದ ಬರೆಸಿಕೊಂಡು ಬಂದು, ಲೇಬರ್ ಆಫೀಸಿಗೆ ಅರ್ಜಿ ಹಾಕಿದಳು. ಮಿಷಿನ್ನಿನ ಕಿಟಕಿ ತೆರೆಸಬೇಕು, ಒಲೆಗಳಿಗೆ ಚಿಮಣಿ ಇಡಿಸಬೇಕು, ತನ್ನ ತಾಯಿಗೆ ಬಂದದ್ದು ಕೆಲಸದಿಂದ ಬಂದ ಕಾಯಿಲೆ ಅಂತ ಬರೆದುಕೊಡಬೇಕು. ಒಳಗಿನ ಹದಿನೇಳು ಹೆಂಗಸರು ಕದ್ದುಮುಚ್ಚಿ ಅದಕ್ಕೆ ಹೆಬ್ಬೆಟ್ಟು ಒತ್ತಿದ್ದರು. ಆಫೀಸರು ಬುಧವಾರ ಬಂದು ನೋಡುತ್ತಾರೆ ಅಂತ ಕಾಗದ ಬಂತು.

ಮಂಗಳವಾರ ಮಧ್ಯಾಹ್ನ ಗುಲ್ಜಾರಳ ಮನೆಗೆ ಹೋದೆ. ಅರ್ಕಾವತಿ ದಂಡೆಯ ಒಂಟಿ ಕೋಣೆ. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ದಿಂಬುಗಳನ್ನು ಒಟ್ಟಿ ಅವಳನ್ನು ಕೂರಿಸಿದ್ದರು. ಮುನವ್ವರಾ ಅಂಗಡಿಗೆ ಹೋಗಿದ್ದಳು.

“ನಾಳೀಕೆ ಆಫೀಸರ್ ಬತ್ತವ್ರೆ” ಅಂದೆ. “ಸಾಹುಕಾರ ಆ ಫಿಲ್ಮನ್ನೇ ಹಿಡ್ಕತಾನೆ. ಎರಡು ವರ್ಷದ ಹಿಂದೆ ಚೆನ್ನಾಗಿದ್ಲು, ನನ್ ಹೊಗೆಯಿಂದ ಅಲ್ಲ ಅಂತಾನೆ. ನಾನು ಹೇಳ್ಬುಡ್ತೀನಿ ಕಣೆ.”

ಅವಳು ಕೈಯಲ್ಲೇ ಬೇಡ ಅಂದಳು. ಮಾತು ಬರಲು ಹೊತ್ತು ಹಿಡಿಯಿತು. “ನಿನ್ ಕೆಲ್ಸ ಹೋಯ್ತದೆ.”

“ಹೋಗ್ಲಿ.”

“ನನ್ ಮಗ್ಳು ಮುನ್ನೀಗೆ ಗೊತ್ತಾಯ್ತದೆ.”

ಆ ಹುಡುಗಿ ಒಂದು ಹೊತ್ತೂ ತಪ್ಪಿಸದೆ ನನಗೆ ಟೀ ಮಾಡಿಕೊಡುತ್ತಿದ್ದಳು. ಆಸ್ಪತ್ರೆಯಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು.

“ಅವ್ಳು ನಿನ್ನ ಕ್ಷಮ್ಸಲ್ಲ, ಹೊಂಬಾಳಿ.”

“ನೀನು?” ಅಂದೆ.

ಗುಲ್ಜಾರ್ ಕಣ್ಣು ಮುಚ್ಚಿಕೊಂಡಳು. ಎದೆಯೊಳಗೆ ಹೊಟ್ಟು ಉರಿಯುವ ಹಾಗೆ ಸುಯ್ಯೆಂದು ಸದ್ದು. ಆ ಸದ್ದಿನ ನಡುವೆಯೇ ಹೇಳಿದಳು: “ಕ್ಷಮ್ಸಕ್ಕೂ ಉಸ್ರು ಬೇಕು ಕಣೆ.”

ನಾನು ಮನೆಗೆ ಬಂದು ಪೆಟ್ಟಿಗೆ ತೆಗೆದೆ. ತಳದಲ್ಲಿ, ಮದುವೆಯ ಸೀರೆಯ ಕೆಳಗೆ, ನನ್ನ ಹೆಸರಿನ ಫಿಲ್ಮು ಇತ್ತು.

*

ಆಫೀಸರು ಮೂಗಿಗೆ ಕರ್ಚೀಫು ಹಿಡಿದುಕೊಂಡು ಒಳಗೆ ಬಂದರು. ಅವತ್ತು ಕರೆಂಟು ಇರಲಿಲ್ಲ. ರಾಟೆಗಳನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ಚನ್ನಲಿಂಗಪ್ಪನವರು ಒಂದು ಕೈಯಲ್ಲಿ ಕೊಚ್ಚಿದ ಎಳನೀರು ಹಿಡಿದು ಅವರ ಹಿಂದೆಯೇ ಇದ್ದರು. ಮುನವ್ವರಾ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ಹಿಡಿದು ನಿಂತಿದ್ದಳು. ನಾನು ಕರೆಯದೆ ಒಳಗೆ ಬಂದಿದ್ದೆ, ಗುಲ್ಜಾರಳ ಖಾಲಿ ಬೇಸನ್ನಿನ ಹತ್ತಿರ.

“ಕೆಮ್ಮು ದಮ್ಮು ಅಂತ ಹೇಳ್ತಿದ್ದೀರಲ್ಲ” ಅಂದರು ಆಫೀಸರು, “ಅದು ಇಲ್ಲಿಂದಲೇ ಬಂತು ಅನ್ನೋದಕ್ಕೆ ಏನು ಆಧಾರ?”

ಮುನವ್ವರಾ ಡಾಕ್ಟರ ಕಾಗದ ಓದಿದಳು. ಸಾಹುಕಾರರು ಕೇಳಿ ಮುಗಿಯುವವರೆಗೆ ಕಾದು, ತಣ್ಣಗೆ ಹೇಳಿದರು.

“ಸ್ವಾಮಿ, ನಂಗೂ ಹೆಣ್ಮಕ್ಳವ್ರೆ. ಗುಲ್ಜಾರ್ ಬೀ ಅಂದ್ರೆ ನಮ್ಮನೆಯೋಳ ಹಂಗೆ. ಎರಡು ವರ್ಷದ ಹಿಂದೆ ನಾನೇ ವ್ಯಾನ್ ತರ್ಸಿ ಎಲ್ಲಾರ್ಗೂ ಎಕ್ಸ್‌ರೇ ಮಾಡಿಸ್ದೆ. ಯಾವ ಸಾಹುಕಾರ ಮಾಡ್ತಾನೆ ಹೇಳಿ? ಅವಾಗ್ಲೇ ಹದಿನಾರು ವರ್ಷ ಇಲ್ಲಿ ಕುಂತಿದ್ಲು. ಎದೇಲಿ ಒಂದು ಚುಕ್ಕೆ ಇರ್ನಿಲ್ಲ. ಹದಿನಾರು ವರ್ಷ ಏನೂ ಮಾಡ್ದಿದ್ದ ಹೊಗೆ ಆಮೇಲೆ ಎರಡೇ ವರ್ಷಕ್ಕೆ ಕ್ಯಾನ್ಸರ್ ತಂದ್ಬುಡ್ತದಾ? ಅವಳ ಗಂಡ ಇದ್ರೀಸು ದಿನಕ್ಕೆ ಎರಡು ಕಟ್ಟು ಬೀಡಿ ಸುಡೋನು. ಅದನ್ ಯಾಕೆ ಯಾರೂ ಹೇಳಲ್ಲ? ಆ ಫಿಲ್ಮು ಆ ಹುಡ್ಗಿ ಚೀಲ್ದಲ್ಲೇ ಐತೆ. ನೋಡಿ ಬೇಕಾದ್ರೆ.”

“ಇದೆಯೇನಮ್ಮ?” ಅಂದರು ಆಫೀಸರು.

ಮುನವ್ವರಾ ಸುಳ್ಳು ಅರಿಯದವಳು. ತೆಗೆದುಕೊಟ್ಟಳು. ಆಫೀಸರು ಫಿಲ್ಮನ್ನು ಮೇಲೆತ್ತಿ ಆ ಕಡೆ ಈ ಕಡೆ ತಿರುಗಿದರು. ಒಲೆಯ ಬೆಂಕಿ ಬಿಟ್ಟರೆ ಬೆಳಕಿರಲಿಲ್ಲ.

“ಇಲ್ಲಿ ಏನೂ ಕಾಣಿಸೋಲ್ಲರೀ. ನಿಮ್ಮ ಆಫೀಸಿಗೆ ಹೋಗೋಣ ನಡೀರಿ.”

“ಅದೇ ಒಳ್ಳೇದು ಸ್ವಾಮಿ. ಅಲ್ಲಿ ತಂಪಾಗೈತೆ.”

ಅವರಿಬ್ಬರೂ ಬಾಗಿಲ ಕಡೆ ತಿರುಗಿದರು. ನಾನು ಒಲೆ ಕೆದಕುವ ಕಬ್ಬಿಣದ ಸಲಾಕೆ ತೆಗೆದುಕೊಂಡೆ. ಗುಲ್ಜಾರಳ ತೂತು ಎಲ್ಲಿದೆ ಅಂತ ಕತ್ತಲಲ್ಲೂ ನನ್ನ ಕೈಗೆ ಗೊತ್ತಿತ್ತು. ಅದಕ್ಕೆ ಸಲಾಕೆಯ ಮೊನೆ ತುರುಕಿ ಬಲಗೈಯಿಂದ ಮೀಟಿದೆ. ಮೊದಲನೇ ಇಟ್ಟಿಗೆ ಅಲುಗಿತು. ಅವಳು ಪಿನ್ನಿನಿಂದ ಅಷ್ಟೊಂದು ಕೆರೆದಿದ್ದಳು. ಎರಡನೇ ಸಲಕ್ಕೆ ಇಟ್ಟಿಗೆ ಆಚೆ ಬಿದ್ದು, ನಾನು ಆರಿಸಿಟ್ಟಿದ್ದ ಗೂಡಿನ ಮೊರದ ಮೇಲೆ ಬಡ್ ಎಂದು ಸದ್ದಾಯಿತು.

“ಲೇ ಹೊಂಬಾಳಿ! ತಲೆ ಕೆಟ್ಟೈತೇನೇ ಲೌಡಿ? ಶರೀಫಾ, ಹಿಡ್ಕಳ್ಳೋ ಅವಳ್ನ!”

ಶರೀಫ ಎರಡು ಹೆಜ್ಜೆ ಬಂದು, ನನ್ನ ಕೈಯಲ್ಲಿದ್ದ ಸಲಾಕೆ ನೋಡಿ ನಿಂತ. ಅದರ ತುದಿ ಇನ್ನೂ ಕೆಂಪಗಿತ್ತು. ನಾನು ಇನ್ನೂ ಆರೇಳು ಇಟ್ಟಿಗೆ ಕೆಡವಿದೆ. ಬಿಸಿಲು ಹಲಗೆಯ ಹಾಗೆ ಒಳಗೆ ಬಿತ್ತು. ಅದರಲ್ಲಿ ಹೊಗೆ ಎಷ್ಟು ದಪ್ಪಗಿದೆ ಅಂತ ಒಳಗಿದ್ದವರಿಗೂ ಅವತ್ತೇ ಮೊದಲ ಸಲ ಕಂಡಿರಬೇಕು.

“ಆಫೀಸ್ ಯಾಕೆ ಸ್ವಾಮಿ, ಇಲ್ಲೇ ನೋಡಿ” ಅಂದೆ. ಸಲಾಕೆ ಕೆಳಗಿಟ್ಟು, ಅವರ ಕೈಯಿಂದ ಫಿಲ್ಮು ತೆಗೆದುಕೊಂಡು ಬೆಳಕಿಗೆ ಹಿಡಿದೆ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ನನ್ನ ಫಿಲ್ಮನ್ನು ಬಿಚ್ಚಿ ಅದರ ಪಕ್ಕಕ್ಕೆ ಹಿಡಿದೆ. “ಇದು ಗುಲ್ಜಾರ್ ಬೀ ಅಂತ ಬರ್ದೈತೆ. ಇದು ಹೊಂಬಾಳಮ್ಮ ಅಂತ. ನಂಗೆ ಓದಕ್ಕೆ ಬರಲ್ಲ, ನೀವೇ ನೋಡ್ಕಳಿ. ಮೇಲ್ಗಡೆ ಮೂಳೆ ನೋಡಿ.”

ಆಫೀಸರು ಕರ್ಚೀಫು ಇಳಿಸಿ ಬಗ್ಗಿದರು. ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು.

“ಎರಡರಲ್ಲೂ ಒಂದೇ ಗಂಟಿದೆಯಲ್ಲ.”

ನಾನು ಸೆರಗು ಸರಿಸಿ ಎಡಗಡೆಯ ಎಲುಬು ತೋರಿಸಿದೆ. ಅಷ್ಟು ಗಂಡಸರ ಮುಂದೆ ಎದೆ ಮೇಲಿನ ಸೆರಗು ಸರಿಸಿದ್ದು ನಾಚಿಕೆ ಅನ್ನಿಸಲಿಲ್ಲ. ನಾಚಿಕೆಯ ಪಾಲು ಬೇರೆ ಕಡೆ ಖರ್ಚಾಗಿ ಹೋಗಿತ್ತು.

“ಎರಡೂ ನನ್ ಎದೆ ಸ್ವಾಮಿ. ಅವ್ಳ ಬುರ್ಕಾ ಹಾಕ್ಕಂಡು ನಾನೇ ನಿಂತಿದ್ದೆ. ಮಚ್ಚೆ ಕಂಡ್ರೆ ಬರ್ಬೇಡಿ ಅಂದಿದ್ರಲ್ಲ ಇವ್ರು, ಅದ್ಕೆ. ಗುಲ್ಜಾರ್ ಎದೆ ಆವತ್ತು ಯಾರೂ ನೋಡ್ಲೇ ಇಲ್ಲ. ನನ್ ಎದೆ ಯಾಕೆ ಚೊಕ್ಕಾಗೈತೆ ಅಂದ್ರೆ, ಹದಿನೆಂಟು ವರ್ಷದಿಂದ ನಾನು ಆಚೆ ಕುಂತಿವ್ನಿ. ಯಾಕೆ ಆಚೆ ಕುಂತೆ ಅಂದ್ರೆ, ಈ ಮೂಳೆ ಮುರ್ದಿದ್ಕೆ. ಮುರ್ದಿದ್ದು ಯಾಕೆ ಅಂದ್ರೆ, ಈ ಕಿಟ್ಕಿ ತೆಗ್ದಿದ್ಕೆ.”

“ಮುರಿದವರು ಯಾರು?”

“ಎಳನೀರ್ ಹಿಡ್ಕಂಡು ನಿಂತವ್ರಲ್ಲ, ಕೇಳಿ.”

ಎಳನೀರು ಚನ್ನಲಿಂಗಪ್ಪನವರ ಕೈಯಲ್ಲೇ ಓರೆಯಾಗಿ ಪಂಚೆಯ ಮೇಲೆ ಚೆಲ್ಲುತ್ತಿತ್ತು. “ಎಲ್ಲಾ ಸುಳ್ಳು ಸ್ವಾಮಿ, ಕಳ್ ಮುಂಡೇರು, ಒಳಗೊಳಗೇ ಸೇರ್ಕಂಡು…”

“ನೋಡಮ್ಮ” ಅಂದರು ಆಫೀಸರು, “ಇನ್ನೊಬ್ಬರ ಹೆಸರಲ್ಲಿ ಎಕ್ಸ್‌ರೇ ಕೊಟ್ಟದ್ದು ಮೋಸ. ನಿನ್ನ ಮೇಲೂ ಕೇಸಾಗಬಹುದು. ಗೊತ್ತಾ?”

“ಗೊತ್ತು. ಬರ್ಕಳಿ.”

ಅವರು ಪೆನ್ನು ತೆಗೆದರು. ಏನು ಬರೆದರೋ, ಯಾರ ಮೇಲೆ ಬರೆದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ನೋಡುತ್ತಿದ್ದದ್ದು ಮುನವ್ವರಾಳನ್ನು. ಅವಳು ಬೆಳಕಿನೊಳಗೆ ಬಂದು ನಿಂತಳು. ಎರಡು ಫಿಲ್ಮನ್ನೂ, ನನ್ನ ಎಲುಬನ್ನೂ ನೋಡಿದಳು. ಏನನ್ನೋ ನೆನಪಿಸಿಕೊಳ್ಳುವವಳ ಹಾಗೆ ಹುಬ್ಬು ಗಂಟಾಯಿತು.

“ಹುಣಸೆಮರ” ಅಂದಳು.

ಅವಳ ಕಣ್ಣು ನನ್ನ ಎಲುಬಿನ ಮೇಲೇ ಇತ್ತು.

“ಆವತ್ತು ಡಾಕ್ಟ್ರಮ್ಮ ಮೂಳೆ ಯಾವಾಗ ಮುರೀತು ಅಂತ ಕೇಳಿದಾಗ…” ಅವಳು ಖಾಲಾ ಅನ್ನಲಿಲ್ಲ. “ನೀವು ಅಲ್ಲೇ ಕೂತಿದ್ರಿ, ಅಲ್ವಾ?”

“ಕುಂತಿದ್ದೆ ಕಣವ್ವ.”

ಅವಳು ತಾಯಿಯ ಹೆಸರಿನ ಫಿಲ್ಮು ತೆಗೆದುಕೊಳ್ಳಲು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಗಾಳಿ ನುಗ್ಗಿತು. ಹೊಗೆ ಹಳೆಯ ದಾರಿ ನೆನಪಾದಂತೆ ಕಿಟಕಿಯ ಕಡೆ ತಿರುಗಿತು. ಬೇಸನ್ನುಗಳ ಮೇಲೆ ಎಳೆಗಳು ಒಂದೊಂದಾಗಿ ಕಿತ್ತುಹೋಗತೊಡಗಿದವು.

“ಎಳೆ! ಎಳೆ ನೋಡ್ರೇ, ಗಂಟು ಹಾಕ್ರೇ!” ಶರೀಫ ಸಾಲಿನ ಉದ್ದಕ್ಕೂ ಓಡುತ್ತ ಕೂಗಿದ.

ಇಪ್ಪತ್ತೊಂದು ಹೆಂಗಸರು ಬೆಂದು ಬಿಳಿಚಿದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಯಾರೂ ಬಗ್ಗಲಿಲ್ಲ. ನಾನು ಕಿಟಕಿಯಲ್ಲಿ ನಿಂತೇ ಇದ್ದೆ, ಗಾಳಿಗೆ ಪಟಪಟ ಬಡಿದುಕೊಳ್ಳುವ ಎರಡು ಎದೆಗಳನ್ನು ಕೈಯಲ್ಲಿ ಹಿಡಿದುಕೊಂಡು.